ಬಳೆಗೆ ಬ್ಯಾಂಡೇಜು ಸುತ್ತಿದವಳು

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಅನ್ನ ಬಸಿಯುತ್ತಿದ್ದೆ. ಮಗ ಫೋನು ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು, "ಅಮ್ಮ, ಆ ನರ್ಸ್ ಹೋಗ್ಬಿಟ್ರಂತೆ" ಎಂದ. ತಿಳಿ ಪೂರ್ತಿ ಬಸಿದು, ಪಾತ್ರೆ ಬಾಯಿ ಒರೆಸಿ, ಆಮೇಲೆ "ಯಾವಾಗ?" ಎಂದು ಕೇಳಿದೆ. ಬೆಳಿಗ್ಗೆಯಂತೆ. ಹೊಟ್ಟೆಯ ಕಾಯಿಲೆ ಇತ್ತು, ಗೊತ್ತಿದ್ದದ್ದೇ. ಅನ್ನ ಬಡಿಸಿದೆ, ಎಲ್ಲರೂ ಉಂಡರು, ನಾನೂ ಉಂಡೆ.

ಮಗನ ಮನೆ ಅಮೆರಿಕದ ವೆಸ್ಟ್ ಕೊವಿನಾದಲ್ಲಿ. ಅಲ್ಲಿಂದ ಎರಡು ಬೀದಿ ಆಚೆ, ನಿವೃತ್ತಿಯ ನಂತರ ಅವಳು ಬಂದು ಸೇರಿದ ಅಪಾರ್ಟ್‌ಮೆಂಟು. ಮರುದಿನ ಹೆಣ ಇಟ್ಟಿದ್ದ ಫ್ಯೂನರಲ್ ಹೋಮಿಗೆ ನೋಡಲು ಹೋದೆವು. ಪೆಟ್ಟಿಗೆಯಲ್ಲಿ ಮಲಗಿಸಿ ಕೆನ್ನೆಗೆ ಬಣ್ಣ ಹಚ್ಚಿ, ಏನೋ ಸೆಂಟು ಹೊಡೆದಿದ್ದರು. ಬದುಕಿದ್ದಾಗ ಪೌಡರು ಕೂಡ ಹಾಕದವಳು. ತಲೆಗೆ ಎಣ್ಣೆ ಇಲ್ಲ, ಹೂವಿಲ್ಲ. ವಾಸನೆ ಮಕ್ಕಳಿಗೆ ಆಗುವುದಿಲ್ಲ ಎನ್ನುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ, ಮಕ್ಕಳು ಅವಳವಲ್ಲ. ಯಾವ ಮಕ್ಕಳು ಎಂದು ಹೇಳುತ್ತೇನೆ.

ಬಸುರಿಯಾಗಿದ್ದಾಗ ತಾಯಿ ನೋವಿನ ಮಾತ್ರೆಯನ್ನೋ ಮತ್ತಿನ ಮದ್ದನ್ನೋ ದಿನವೂ ತೆಗೆದುಕೊಂಡರೆ ಅದು ಹೊಕ್ಕುಳ ಬಳ್ಳಿಯಲ್ಲಿ ಮಗುವಿಗೂ ಹೋಗುತ್ತದೆ. ಹುಟ್ಟಿದ ಮೇಲೆ ಬಳ್ಳಿ ಕತ್ತರಿಸುತ್ತಾರೆ. ಅಲ್ಲಿಗೆ ಮದ್ದೂ ನಿಂತಿತು. ಎರಡು ಮೂರು ದಿನಕ್ಕೆ ಮಗು ಅದುರಲು ಶುರು ಮಾಡುತ್ತದೆ. ಒಂದರ ಹಿಂದೆ ಒಂದು ಸೀನುತ್ತದೆ. ನೀರು ನೀರಾಗಿ ಭೇದಿಯಾಗಿ ಕುಂಡೆ ಸುಟ್ಟ ಹಾಗೆ ಕೆಂಪಾಗುತ್ತದೆ. ಹಾಲಿಗೆ ಬಾಯಿ ಹಾಕುತ್ತದೆ, ಕುಡಿಯಲು ಆಗುವುದಿಲ್ಲ. ಅಳು ಬೇರೆ ಮಕ್ಕಳದ್ದರ ಹಾಗಲ್ಲ, ತಗಡು ಕೊಯ್ದ ಹಾಗೆ. ಸ್ಯಾನ್ ಡಿಯೇಗೋದ ಒಂದು ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವಳದ್ದು. ಬೇರೆ ನರ್ಸ್‌ಗಳು ಬೇಸತ್ತು ಅವಳ ಪಾಲಿಗೆ ಬಿಟ್ಟಿದ್ದರು. ಅವಳು ಬೇಸರ ಪಟ್ಟದ್ದನ್ನು ನಾನು ನೋಡಲಿಲ್ಲ. ಖುಷಿ ಪಟ್ಟದ್ದನ್ನೂ ನೋಡಲಿಲ್ಲ.

ನನಗೆ ಅವಳ ಪರಿಚಯವಾದದ್ದು ನಾನು ಮಾಡಿದ ತಪ್ಪಿನಿಂದ.

ಆಗ ನಾನು ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಯಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ಟೊರ್ರಿ ಪೈನ್ಸ್‌ನಲ್ಲಿ ಲ್ಯಾಬ್ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಉಡುಪಿಯ ಕಡೆ ನಲವತ್ತು ವರ್ಷ ಬಾಣಂತನ ಮಾಡಿದವಳು. ಮಗಳ ಬಾಣಂತನ ಮಾಡಿದೆ, ಅದನ್ನು ನೋಡಿ ಕನ್ನಡದವರು ಒಬ್ಬೊಬ್ಬರಾಗಿ ಕರೆದರು. ಹಿಂದಿನ ಬೀದಿಯಲ್ಲಿ ಬೆಂಗಳೂರಿನ ಗಂಡಹೆಂಡತಿ. ಗಂಡ ಟೆಲಿಫೋನಿನ ಕಂಪನಿಯಲ್ಲಿ ಎಂಜಿನಿಯರು. ಹುಡುಗಿಯ ತಾಯಿಗೆ ವೀಸಾ ಸಿಗಲಿಲ್ಲ. ಹೆತ್ತ ಮರುದಿನವೇ ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟಿದ್ದರು, ಆಗ ಹಾಗೇ ಕಳಿಸುತ್ತಿದ್ದರು. ನಾನು ಹೋದೆ. ಗಂಡು ಮಗು.

ಬಚ್ಚಲಿನ ಡ್ರಾಯರಿನಲ್ಲಿ ಮಾತ್ರೆಯ ಡಬ್ಬಿ ಸಿಕ್ಕಿದವು. ಕಿತ್ತಳೆ ಬಣ್ಣದ್ದು, ಮೂರು. ಎರಡರಲ್ಲಿ ತುಂಬ ಇತ್ತು. ಫ್ರೀವೇಯಲ್ಲಿ ಆಕ್ಸಿಡೆಂಟಾಗಿ ಬೆನ್ನಿಗೆ ಪೆಟ್ಟು ಬಿದ್ದಿತ್ತು, ಅದಕ್ಕೆ ಕೊಟ್ಟದ್ದು ಎಂದಳು ಹುಡುಗಿ. ಬಾಣಂತಿ ಇಂಗ್ಲಿಷ್ ಮಾತ್ರೆ ನುಂಗಿದರೆ ಹಾಲು ಕೆಡುತ್ತದೆ ಎಂಬುದು ನನ್ನ ತಿಳಿವಳಿಕೆ. ಅವಳು ಮಲಗಿದ್ದಾಗ ಮೂರನ್ನೂ ಕಮೋಡಿಗೆ ಸುರಿದು ನೀರು ಬಿಟ್ಟೆ. ಎದ್ದವಳು ಡ್ರಾಯರು ನೋಡಿದಳು, ನನ್ನ ಮುಖ ನೋಡಿದಳು. ಡ್ರಾಯರು ಮುಚ್ಚಿ ಪುನಃ ತೆರೆದು ನೋಡಿದಳು. ಅದು ನನಗೆ ಅರ್ಥವಾಗಬೇಕಿತ್ತು.

ಮರುದಿನಕ್ಕೆ ಅವಳಿಗೆ ಬೆವರು, ನಡುಕ. ಸನ್ನಿ ಎಂದುಕೊಂಡೆ. ಕಾಳುಮೆಣಸಿನ ಕಷಾಯ ಕುಡಿಸಿ ಎರಡು ಕಂಬಳಿ ಹೊದಿಸಿದೆ. ಮಗುವೂ ಅದುರುತ್ತಿತ್ತು. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಿಡಿದೆ. ಕಾಲ ಮೇಲೆ ಹಾಕಿ ತಟ್ಟಿದೆ, ತೂಗಿದೆ. ನನಗೆ ಗೊತ್ತಿದ್ದದ್ದೆಲ್ಲ ಮಾಡಿದೆ. ಮಾಡಿದಷ್ಟೂ ಹೆಚ್ಚಾಯಿತು. ಕೊನೆಗೆ ಅವಳ ಗಂಡ ಕಾರಿನಲ್ಲಿ ಎಲ್ಲರನ್ನೂ ಹಾಕಿಕೊಂಡು ಆಸ್ಪತ್ರೆಗೆ ಹೋದ. ದಾರಿಯಲ್ಲಿ ನನಗೆ ಹೇಳಿದ, "ಆಂಟಿ, ಮಾತ್ರೆ ವಿಷಯ ಮಾತ್ರ ಬಾಯಿ ಬಿಡ್ಬೇಡಿ. ಈ ದೇಶದಲ್ಲಿ ಮಗು ಎತ್ಕೊಂಡ್ ಹೋಗ್ಬಿಡ್ತಾರೆ." ಹುಡುಗಿ ಕಿಟಕಿಯ ಆಚೆ ನೋಡುತ್ತಿದ್ದಳು.

ಮಗುವನ್ನು ವಾರ್ಡಿಗೆ ಹಾಕಿದರು. ಹುಡುಗಿ ನಿಲ್ಲಲಾರದೆ ಹೊರಗೆ ಬೆಂಚಿನ ಮೇಲೆ ಮಲಗಿದ್ದಳು. ಅಜ್ಜಿ ಎಂದು ನನ್ನನ್ನು ಒಳಗೆ ಬಿಟ್ಟರು. ಮಗು ಚೀರುತ್ತಿತ್ತು. ಬೆನ್ನು ತಟ್ಟುತ್ತಾ ಜೋಜೋ ಎನ್ನುತ್ತಾ ಕುಣಿಸುತ್ತಿದ್ದೆ. ಹಿಂದಿನಿಂದ ಯಾರೋ ಅಂದರು:

"ಕೈ ಕೆಳಗಿಡಿ."

ಕನ್ನಡ. ಅದೂ ನಮ್ಮ ಕಡೆಯದ್ದು. ತಿರುಗಿದೆ. ಐವತ್ತೈದರ ಹೆಂಗಸು, ಕಪ್ಪಗೆ, ತೆಳ್ಳಗೆ, ಕೂದಲು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು.

"ಅಳ್ತಾ ಉಂಟಲ್ಲ" ಎಂದೆ.

"ಉಂಟು. ನೀವು ತಟ್ಟಿದಷ್ಟೂ ಅಳ್ತದೆ. ಕೈ ಕೆಳಗಿಡಿ ಮಾರಾಯ್ರೆ."

ಮಗುವನ್ನು ತೆಗೆದುಕೊಂಡು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದಳು. ಎರಡೂ ಕೈ ಎದೆಯ ಹತ್ತಿರ ಬರುವ ಹಾಗೆ, ಬೆನ್ನು ಬಾಗುವ ಹಾಗೆ. ದೀಪ ಆರಿಸಿದಳು. ಎದೆಗೆ ಒತ್ತಿಕೊಂಡು ಕೂತಳು. ಅಷ್ಟೇ. ತೂಗಲಿಲ್ಲ, ಹಾಡಲಿಲ್ಲ, ಮಗುವಿನ ಮುಖ ಕೂಡ ನೋಡಲಿಲ್ಲ. ಗೋಡೆ ನೋಡುತ್ತಾ ಕೂತಿದ್ದಳು. ತುಂಬ ಹೊತ್ತಿಗೆ ಚೀರಾಟ ನರಳಾಟವಾಯಿತು, ಆಮೇಲೆ ಅದೂ ಇಲ್ಲ. ನಲವತ್ತು ವರ್ಷದಲ್ಲಿ ನಾನು ಹಾಗೆ ಸುಮ್ಮನೆ ಕೂತವಳಲ್ಲ.

"ಒಂದು ಸಲಕ್ಕೆ ಒಂದೇ" ಎಂದಳು. ಅದು ಅವಳ ಮಾತು, ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಮುಟ್ಟಿದರೆ ಮಾತಾಡಲಿಕ್ಕಿಲ್ಲ. ಮಾತಾಡಿದರೆ ಮುಖ ನೋಡಲಿಕ್ಕಿಲ್ಲ. ಹಾಲು ಕೊಡುವಾಗ ಹಾಲು ಮಾತ್ರ. ಈ ಮಕ್ಕಳಿಗೆ ಲೋಕ ಒಂದೇ ಸಲಕ್ಕೆ ಮೈಮೇಲೆ ಬಿದ್ದ ಹಾಗಾಗಿದೆ, ನಾವು ಇನ್ನಷ್ಟು ಹೊರಿಸಲಿಕ್ಕಿಲ್ಲ ಎನ್ನುತ್ತಿದ್ದಳು.

ಆಮೇಲೆ ನನ್ನ ಕೈ ನೋಡಿದಳು. "ಬಳೆ ತೆಗೀರಿ. ಶಬ್ದ ಆಗ್ತದೆ."

"ಗಂಡ ಇದ್ದಾರೆ ಊರಲ್ಲಿ. ಗಾಜಿನ ಬಳೆ ತೆಗೀಲಿಕ್ಕಿಲ್ಲ."

"ಇರ್ಲಿ, ನೂರು ವರ್ಷ ಇರ್ಲಿ. ಅವರಿಗೆ ಎಂತ ಆಗ್ತದೆ ನೀವು ಬಳೆ ತೆಗೆದ್ರೆ?"

"ತೆಗಿಯುವುದಿಲ್ಲ."

ವಾದ ಮಾಡಲಿಲ್ಲ. ಬ್ಯಾಂಡೇಜಿನ ಸುರುಳಿ ತಂದು ಎರಡೂ ಕೈಯ ಬಳೆಗಳನ್ನು ಸೇರಿಸಿ ಸುತ್ತಿ ಟೇಪು ಅಂಟಿಸಿದಳು. ಅಲ್ಲಾಡಿಸಿ ನೋಡಿದಳು. ಶಬ್ದವಿಲ್ಲ. ಮನೆಗೆ ಹೋದಾಗ ಮಗಳು, "ಎಂತ ಅಮ್ಮ, ಬಾಣಂತನಕ್ಕೆ ಹೋಗಿ ಎರಡೂ ಕೈ ಮುರ್ಕೊಂಡ್ಯಾ?" ಎಂದು ನಕ್ಕಳು. ಐದು ವಾರ ಆ ಬ್ಯಾಂಡೇಜು ನನ್ನ ಕೈಯಲ್ಲಿತ್ತು. ಕೊಳೆಯಾದರೆ ಅವಳೇ ಬದಲಾಯಿಸುತ್ತಿದ್ದಳು.

ಡಾಕ್ಟರುಗಳಿಗೆ ಮೊದಲ ದಿನ ಗೊತ್ತಾಗಲಿಲ್ಲ. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೆಯಾ ಎಂದು ಹುಡುಗಿಯನ್ನು ಕೇಳಿದರೆ ಇಲ್ಲ ಎಂದಳು. ಗಂಡನೂ ಇಲ್ಲ ಎಂದ. ನಾನು ಸುಮ್ಮನಿದ್ದೆ. ರಕ್ತದಲ್ಲಿ ನಂಜೇನೋ ಎಂದು ಮಗುವನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಿಡಿದು ಬೆನ್ನುಮೂಳೆಗೆ ಸೂಜಿ ಚುಚ್ಚಿದರು. ಹಿಡಿದವಳು ಆಕೆ. ನಾನು ಗಾಜಿನ ಆಚೆಯಿಂದ ನೋಡಿದೆ. ಚುಚ್ಚಿ ಮುಗಿಸಿ ಆಕೆ ಹೊರಗೆ ಬಂದಾಗ ಹೇಳಿದೆ.

"ಮೂರು ಡಬ್ಬಿ ಇತ್ತು. ಕಮೋಡಿಗೆ ಹಾಕಿದೆ."

"ಯಾರದ್ದು?"

"ಅವಳದ್ದು."

ಆಕೆಗೆ ಆಶ್ಚರ್ಯವಾಗಲಿಲ್ಲ. "ನಾಲ್ಕು ಸಲ ಸೀನಿದಾಗಲೇ ನನಗೆ ಅನಿಸಿತ್ತು. ಡಾಕ್ಟರಿಗೂ ಹೇಳಿದೆ, ಮಾತ್ರೆ ಇಲ್ಲ ಅಂತಾಳೆ ತಾಯಿ ಅಂದ್ರು. ಒಂದು ಸೀನು ಬರೀ ಸೀನು. ಮೂರು ನಾಲ್ಕು ಆದ್ರೆ ಬರೀಬೇಕು" ಎಂದಳು. ಆ ಮಕ್ಕಳಿಗೆ ಒಂದು ಹಾಳೆ ಇರುತ್ತದೆ. ಸೀನು, ಆಕಳಿಕೆ, ನಡುಕ, ಭೇದಿ, ಎಲ್ಲಕ್ಕೂ ಅಂಕ. ಹಾಲು ಕುಡಿಸಿದ ಮೇಲೆ ನೋಡಿ ಬರೆಯುತ್ತಾರೆ. ಅಂಕ ಬರೆಯಲು ಮಲಗಿದ ಮಗುವನ್ನು ಎಬ್ಬಿಸುವ ನರ್ಸ್‌ಗಳಿದ್ದರು. ಈಕೆ ಎಬ್ಬಿಸಿದವಳಲ್ಲ. ಆ ಹಾಳೆಯ ಅಂಕ ಇಳಿದರೆ ಮಾತ್ರ ಮಗು ಮನೆಗೆ.

"ಬರೀರಿ ಹಾಗಾದ್ರೆ, ನಾನು ಹೇಳಿದ್ದು" ಎಂದೆ.

"ಬರೀದೆ ಇರ್ಲಿಕ್ಕಿಲ್ಲ. ಆದ್ರೆ ನೀವು ಹೇಳಿದ್ದನ್ನು ಬರೆದ್ರೆ ಅವಳು ಕಳ್ಳಿ ಆಗ್ತಾಳೆ. ಅವಳೇ ಹೇಳಿದ್ದನ್ನು ಬರೆದ್ರೆ ರೋಗಿ. ಒಂದು ಗಂಟೆ ಉಂಟು, ಡಾಕ್ಟರು ಪುನಃ ಬರುವವರೆಗೆ."

ಆ ವಾರ್ಡಿನಲ್ಲಿ ಒಂದು ಕುರ್ಚಿ ಇತ್ತು. ಅದರದ್ದೇ ಒಂದು ಕತೆ. ತಾಯಂದಿರು ಬಂದರೆ ನಿಂತು ನೋಡಿ ಹೋಗಬೇಕಿತ್ತು, ಕೂರಲು ಜಾಗವಿಲ್ಲ. ಬೇಕೆಂದೇ ಹಾಗೆ, ಅಂಥ ತಾಯಂದಿರು ಬೇಗ ಹೋಗಲಿ ಎಂದು. ಈಕೆ ನರ್ಸ್‌ಗಳ ಕೋಣೆಯ ಒರಗುಕುರ್ಚಿಯನ್ನು ತಳ್ಳಿಕೊಂಡು ಬಂದು ಮೂಲೆಯಲ್ಲಿಟ್ಟು, 'ಇದು ತಾಯಿಯ ಕುರ್ಚಿ' ಎಂದು ಚೀಟಿ ಅಂಟಿಸಿದಳಂತೆ. ಮೇಲಿನವರು ವಾಪಸು ತಳ್ಳಿಸಿದರು. ಇವಳು ಪುನಃ ತಂದಳು. ಹಾಗೆ ಏಳೆಂಟು ಸಲ. ಕೊನೆಗೆ ಅವರಿಗೇ ಸಾಕಾಯಿತು.

ಹುಡುಗಿಯನ್ನು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದಳು. ತಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಳು, ಮಗುವನ್ನು ಎದೆಗೆ ಹಿಡಿದು. ನಾನು ಗೋಡೆಗೆ ಒರಗಿ ನಿಂತೆ. ಆಕೆ ಏನೂ ಕೇಳಲಿಲ್ಲ. ಗೋಡೆ ನೋಡುತ್ತಿದ್ದಳು. ಮಗುವಿನ ಹತ್ತಿರ ಕೂರುವ ಹಾಗೆಯೇ ಕೂತಿದ್ದಳು. ಹುಡುಗಿ ಮೂಗು ಒರೆಸಿಕೊಂಡಳು, ಕಾಲು ಕುಣಿಸಿದಳು, ಬೆವರಿದಳು. ಅರ್ಧ ಗಂಟೆಯೇ ಆಗಿರಬೇಕು. ಆಮೇಲೆ ಬೆಂಗಳೂರಿನ ಕನ್ನಡದಲ್ಲಿ, ಯಾರನ್ನೂ ನೋಡದೆ, ಅಂದಳು:

"ಹನ್ನೆರಡು ತಗೋತಿದ್ದೆ. ದಿನಕ್ಕೆ. ಇಬ್ರು ಡಾಕ್ಟರ್ ಹತ್ರ ಬರೆಸ್ಕೊಂಡು. ನಮ್ಮನೆಯವ್ರಿಗೆ ಎರಡೇ ಅಂತ ಹೇಳಿದ್ದೆ."

ಆಕೆ 'ಅಯ್ಯೋ' ಎನ್ನಲಿಲ್ಲ. ತಲೆ ಸವರಲಿಲ್ಲ. ಎದ್ದು ಮಗುವನ್ನು ಹುಡುಗಿಯ ಎದೆಗಿಟ್ಟಳು. "ಗಟ್ಟಿ ಹಿಡ್ಕೊ. ತಟ್ಬೇಡ" ಎಂದು ಹೇಳಿ ಬರೆಯಲು ಹೋದಳು.

ಹೊರಗೆ ಗಂಡ ನನ್ನ ಮೇಲೆ ಹಾರಿದ. "ಹೇಳ್ಬಿಟ್ರಾ ಆಂಟಿ? ಏನ್ ಸಿಕ್ತು ನಿಮಗೆ?" ಆಕೆ ಬಾಗಿಲಿಗೆ ಬಂದು, "ಹೇಳಿದ್ದು ನಿನ್ನ ಹೆಂಡತಿ. ಬೊಬ್ಬೆ ಹಾಕುದಾದ್ರೆ ಪಾರ್ಕಿಂಗ್ ಲಾಟ್ ಉಂಟು, ಅಲ್ಲಿ ಹೋಗಿ ಹಾಕು" ಎಂದಳು. ಅವನು ನಿಜವಾಗಿ ಹೋದ. ಬಂದಾಗ ಕಣ್ಣು ಕೆಂಪಾಗಿತ್ತು.

ಮಗುವಿಗೆ ಹನಿ ಹನಿಯಾಗಿ ಒಂದು ಮದ್ದು ಕೊಡಲು ಶುರು ಮಾಡಿದರು. ಎಂತದು ಎಂದು ಕೇಳಿದೆ. ಅಫೀಮಿನ ನೀರು ಎಂದಳು.

"ಬಿಡಿಸ್ಲಿಕ್ಕೆ ಅದನ್ನೇ ಕೊಡುದಾ?"

"ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುದು. ಇವನನ್ನು ಮೆಟ್ಟಿಲಲ್ಲಿ ಇಳಿಸ್ತಾ ಇದ್ದೇವೆ. ತಾಯಿಯನ್ನು ನೀವು ಮಾಳಿಗೆಯಿಂದ ತಳ್ಳಿದ್ರಿ."

"ಮಗು ಹೀಗಾದದ್ದು ನನ್ನಿಂದ್ಲಾ?"

"ಅಲ್ಲ. ಮಗುವಿಗೆ ಹೇಗೂ ಆಗ್ತಿತ್ತು. ತಾಯಿ ನಡುಗಿದ್ದು ನಿಮ್ಮಿಂದ."

ಅಷ್ಟೇ. ಕಮ್ಮಿಯೂ ಇಲ್ಲ, ಹೆಚ್ಚೂ ಇಲ್ಲ. ನಮ್ಮಲ್ಲಿ ಹಿಂದೆ ರಚ್ಚೆ ಹಿಡಿದ ಮಗುವಿಗೆ ಸಾಸಿವೆ ಕಾಳಿನಷ್ಟು ಅಫೀಮು ನೆಕ್ಕಿಸುವುದಿತ್ತು. ನಾನೂ ನೆಕ್ಕಿಸಿದ್ದೇನೆ. ಅದನ್ನು ಅವಳಿಗೆ ಹೇಳಲಿಲ್ಲ.

ಹುಡುಗಿಯನ್ನೂ ಮೆಟ್ಟಿಲಲ್ಲಿ ಇಳಿಸಬೇಕಿತ್ತು. ದಿನಾ ಬೆಳಿಗ್ಗೆ ಒಂದು ಕ್ಲಿನಿಕ್ಕಿಗೆ ಹೋಗಿ ಸಾಲಿನಲ್ಲಿ ನಿಂತು, ಅವರೆದುರಿಗೇ ಮದ್ದು ಕುಡಿದು, ಆಸ್ಪತ್ರೆಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಸಂಜೆಯವರೆಗೆ. ಮೊದಮೊದಲು ಮಗುವನ್ನು ಹಿಡಿಯಲು ಹೆದರುತ್ತಿದ್ದಳು. "ನನ್ನಿಂದಾನೇ ಹೀಗಾಯ್ತು, ನಂಗೆ ಕೋಪ ಮಾಡ್ಕೊಂಡಿದಾನೆ" ಎಂದು ಅತ್ತಳು. ಆಕೆ, "ಅವನಿಗೆ ಕೋಪ ಮಾಡ್ಲಿಕ್ಕೆ ಪುರುಸೊತ್ತಿಲ್ಲ. ಹಾಲು ಕೊಡು" ಎಂದಳು.

ಆಕೆ ಒಳ್ಳೆಯವಳು ಎಂದು ಬರೆಯಲು ನನ್ನಿಂದಾಗದು. ಕನ್ನಡದವರ ಯುಗಾದಿಗೆ ಬಂದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಊಟಕ್ಕೆ ಮೊದಲೇ ಎದ್ದು ಹೋಗುತ್ತಿದ್ದಳು. ಗಂಟುಮೋರೆ ಸಿಸ್ಟರ್ ಎಂದೇ ಅವಳಿಗೆ ಹೆಸರು. ಯಾರೋ ಒಬ್ಬಳು ಅಳುವ ಮಗುವನ್ನು ತಂದು, "ಸಿಸ್ಟರ್, ನೀವ್ ಎತ್ಕೊಂಡ್ರೆ ಸುಮ್ನಾಗತ್ತಂತೆ" ಎಂದರೆ, "ಇವತ್ತು ನಂಗೆ ರಜೆ" ಎಂದು ಕೈಕಟ್ಟಿ ಕೂತಳು. ಮಧ್ಯಾಹ್ನ ತನ್ನ ಕಾರಿನೊಳಗೆ ಕೂತು ಮೊಸರನ್ನ ಉಣ್ಣುತ್ತಿದ್ದಳು, ಕಿಟಕಿ ಏರಿಸಿಕೊಂಡು. ಒಮ್ಮೆ ನಾನು ಹೋಗಿ ಗಾಜು ತಟ್ಟಿದೆ. ಕಿಟಕಿ ಇಳಿಸಿ ಉಪ್ಪಿನಕಾಯಿ ಬಾಟಲಿ ಕೊಟ್ಟು ಪುನಃ ಏರಿಸಿದಳು.

ನಾವಿದ್ದಾಗಲೇ ಪಕ್ಕದ ತೊಟ್ಟಿಲಿಗೆ ಒಂದು ಬಿಳಿ ಹುಡುಗಿ ಬರುತ್ತಿದ್ದಳು. ಹತ್ತೊಂಬತ್ತು ವರ್ಷವಿರಬೇಕು, ಕುತ್ತಿಗೆಯ ಮೇಲೆ ಹಚ್ಚೆ. ಬೀದಿಯಲ್ಲಿ ಕದ್ದು ಮಾರುವ ಮತ್ತಿನ ಮದ್ದು ತೆಗೆದುಕೊಳ್ಳುತ್ತಿದ್ದವಳು. ಅವಳಿಗೂ ನಮ್ಮ ಹುಡುಗಿಗೂ ಒಂದೇ ಕುರ್ಚಿ, ಪಾಳಿಯಲ್ಲಿ. ಬೇರೆ ನರ್ಸ್‌ಗಳು ಅವಳನ್ನು ಕಂಡರೆ ಪರ್ಸು ಒಳಗಿಡುತ್ತಿದ್ದರು. ಆಕೆ ಇಬ್ಬರಿಗೂ ಹೇಳುವುದು ಒಂದೇ ಮಾತು, ಒಂದೇ ಧ್ವನಿ. ಒಂದು ಸೋಮವಾರ ಬಂದಾಗ ಆ ತೊಟ್ಟಿಲು ಖಾಲಿ. ಕೌಂಟಿಯವರು, ಅಂದರೆ ಇಂಥ ಮಕ್ಕಳ ಮೇಲೆ ಕಣ್ಣಿಡುವ ಅಲ್ಲಿನ ಸರಕಾರದವರು, ಮಗುವನ್ನು ಬೇರೆ ಮನೆಗೆ ಕೊಟ್ಟಿದ್ದರು. ಆ ಬಿಳಿ ಹುಡುಗಿ ಬಂದು ಕುರ್ಚಿಯಲ್ಲಿ ಬರಿಗೈಯಲ್ಲಿ ಕೂತಳು. ಹೋಗು ಎನ್ನಲು ಒಬ್ಬರು ಬಂದರೆ ಆಕೆ ಅಡ್ಡ ನಿಂತಳು. ಹುಡುಗಿ ಕೂತು ಕೂತು ತಾನಾಗಿ ಎದ್ದು ಹೋದಳು. ಆ ದಿನ ನಮ್ಮ ಹುಡುಗಿ ಮಗುವನ್ನು ಒಂದು ಗಳಿಗೆಯೂ ಕೆಳಗಿಡಲಿಲ್ಲ.

ನಮಗೂ ಕೌಂಟಿಯ ಹೆಂಗಸು ಬಂದಳು, ಫೈಲು ಹಿಡಿದುಕೊಂಡು. ಮನೆಗೆ ಬಂದು ಫ್ರಿಜ್ಜು ತೆರೆದು ನೋಡಿದಳು, ಬಚ್ಚಲಿನ ಡ್ರಾಯರೂ ನೋಡಿದಳು. ನನ್ನನ್ನು ಪ್ರಶ್ನೆ ಕೇಳಿದಾಗ ಹುಡುಗಿಯ ಗಂಡ ನನ್ನ ಉತ್ತರವನ್ನು ಇಂಗ್ಲಿಷಿನಲ್ಲಿ ಉದ್ದುದ್ದ ಹೇಳಿದ. ನಾನು ಅಷ್ಟು ಹೇಳಿರಲಿಲ್ಲ. "ನರ್ಸಮ್ಮನೇ ಹೇಳಲಿ" ಎಂದು ಹಟ ಹಿಡಿದೆ. ಮತ್ತೊಂದು ದಿನ ಆಸ್ಪತ್ರೆಯಲ್ಲಿ ಆಕೆ ನಡುವೆ ಕೂತು ನಾನು ಹೇಳಿದಷ್ಟನ್ನೇ ಹೇಳಿದಳು. ಮಾತ್ರೆ ಬಿಸಾಡಿದ್ದೂ ಸೇರಿ.

ಕೌಂಟಿಯವಳ ಸಂಶಯ ಒಂದೇ. ಇಲ್ಲಿ ನರ್ಸ್ ಇದ್ದಾಳೆ, ಅಲ್ಲಿ ಮುದುಕಿ ಇದ್ದಾಳೆ, ತಾಯಿಗೆ ತಾನಾಗಿ ಏನು ಬರುತ್ತದೆ? ಬಿಡುವ ದಿನ ತಾನೇ ಬಂದು ನೋಡುತ್ತೇನೆ ಎಂದಳು. ಹಾಲು, ಬಟ್ಟೆ, ಕಾರಿನಲ್ಲಿ ಕೂರಿಸುವುದು, ಎಲ್ಲ ತಾಯಿಯೇ ಮಾಡಬೇಕು. ಆಗಲಿಲ್ಲವೆಂದರೆ ಮಗು ಸದ್ಯಕ್ಕೆ ಬೇರೆ ಕಡೆ.

ಐದು ವಾರಕ್ಕೆ ಮಗುವಿನ ಹನಿ ನಿಂತಿತು. ಆಮೇಲೂ ಹಾಳೆಯ ಅಂಕ ಏರಲಿಲ್ಲ. ಬಿಡುವ ದಿನ ಬಂತು.

ನಮ್ಮ ಕಡೆ ಮಗುವನ್ನು ಮನೆಗೆ ತರುವಾಗ ಎತ್ತಿಕೊಳ್ಳುವುದು ಹಿರಿ ಹೆಂಗಸು. ತಾಯಿ ಹಿಂದೆ ಬರುತ್ತಾಳೆ. ಎಷ್ಟು ಮಕ್ಕಳನ್ನು ನಾನು ಹಾಗೆ ತಂದಿದ್ದೇನೋ ಲೆಕ್ಕವಿಲ್ಲ. ವಾರ್ಡಿನ ಬಾಗಿಲಲ್ಲಿ ಆಕೆ ಮಗುವನ್ನು ಹಿಡಿದು ನಿಂತಾಗ ನನ್ನ ಎರಡೂ ಕೈ ತಾವಾಗಿ ಮುಂದೆ ಹೋದವು. ಆಕೆ ನನ್ನನ್ನು ದಾಟಿ ಹೋಗಿ ಹುಡುಗಿಯ ಕೈಗೆ ಕೊಟ್ಟಳು.

ಕೆಳಗೆ ಕಾರು. ಮಧ್ಯಾಹ್ನದ ಬಿಸಿಲು. ಗಂಡ ಬಾಗಿಲು ತೆಗೆದು ನಿಂತ. ಹಿಂದಿನ ಸೀಟಿನಲ್ಲಿ ಮಗುವಿನ ಕಾರ್ ಸೀಟು ಕಟ್ಟಿತ್ತು. ಕೌಂಟಿಯವಳು ಫೈಲು ತೆರೆದು ಎರಡು ಹೆಜ್ಜೆ ಹಿಂದೆ ನಿಂತಳು. ಹುಡುಗಿ ಮಗುವನ್ನು ಸೀಟಿನಲ್ಲಿಟ್ಟು ಪಟ್ಟಿ ಎಳೆದು ಬಕಲು ಹಾಕಲು ಹೋದಳು. ಬೀಳಲಿಲ್ಲ. ಪುನಃ ಹಾಕಿದಳು. ಬೆರಳು ನಡುಗುತ್ತಿದ್ದವು. ಹೆದರಿಕೆಗೋ ಮದ್ದಿಗೋ, ನೋಡುವವರಿಗೆ ಎರಡೂ ಒಂದೇ. ಮೂರನೆಯ ಸಲವೂ ಜಾರಿತು. ಕೌಂಟಿಯವಳು ಪೆನ್ನು ತೆಗೆದಳು. ಗಂಡ ಬಗ್ಗಿದ. ನಾನೂ ಕೈ ಹಾಕಲು ಹೋದೆ.

"ಕೈ ಕೆಳಗಿಡಿ" ಎಂದಳು ಆಕೆ. ಇಬ್ಬರಿಗೂ.

ಹುಡುಗಿ ತಿರುಗಿ ಆಕೆಯನ್ನು ನೋಡಿದಳು. "ಸಿಸ್ಟರ್, ಆಗ್ತಿಲ್ಲ."

ಆಕೆ ಹತ್ತಿರ ಹೋಗಲಿಲ್ಲ. ಕಾರಿನ ಆಚೆಯ ಗೋಡೆ ನೋಡುತ್ತಾ, ಕೈಕಟ್ಟಿ, ಅಲುಗದೆ ನಿಂತಳು. "ಒಂದು ಸಲಕ್ಕೆ ಒಂದೇ" ಎಂದಳು.

ಹುಡುಗಿ ಪಟ್ಟಿ ಬಿಟ್ಟಳು. ಮಗುವಿನ ಎಡಗೈ ಪಟ್ಟಿಯೊಳಗೆ ತೂರಿಸಿದಳು. ಆಮೇಲೆ ಬಲಗೈ. ಆಮೇಲೆ ಎರಡೂ ತುದಿ ಸೇರಿಸಿದಳು. ಆಮೇಲೆ ಒತ್ತಿದಳು. ಬೀಳಲಿಲ್ಲ. ತೆಗೆದು ನೋಡಿದಳು, ಬಟ್ಟೆಯ ಅಂಚು ಸಿಕ್ಕಿಕೊಂಡಿತ್ತು. ಅದನ್ನು ಸರಿಸಿದಳು. ಒತ್ತಿದಳು. ಟಕ್ ಎಂದಿತು.

ಕೌಂಟಿಯವಳು ಬಗ್ಗಿ ಪಟ್ಟಿ ನೋಡಿದಳು.

"ಒಂದು ಬೆರಳಿನಷ್ಟು ಬಿಗಿ ಮಾಡು" ಎಂದಳು ಆಕೆ. ಹುಡುಗಿ ಬಿಗಿ ಮಾಡಿದಳು. ಕೌಂಟಿಯವಳು ಏನೋ ಬರೆದು, ಫೈಲು ಮುಚ್ಚಿ, ತಲೆಯಾಡಿಸಿದಳು. ಆಕೆ ಗಡಿಯಾರ ನೋಡಿಕೊಂಡು ಒಳಗೆ ಹೋದಳು. ಹೋಗಿ ಬರುತ್ತೇವೆ ಎನ್ನಲು ನಾವು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ನಾನು ಹಿಂದಿನ ಸೀಟಿನಲ್ಲಿ ಮಗುವಿನ ಒಂದು ಬದಿಗೆ ಕೂತೆ, ಹುಡುಗಿ ಇನ್ನೊಂದು ಬದಿಗೆ. ಬಳೆಯ ಬ್ಯಾಂಡೇಜು ಹಾಗೇ ಇತ್ತು. ಕೈ ಮಡಿಲಲ್ಲಿಟ್ಟುಕೊಂಡೆ. ಕಾರು ಫ್ರೀವೇ ಹತ್ತಿತು. ಸ್ವಲ್ಪ ದೂರ ಹೋದ ಮೇಲೆ ಮಗು ಸೀನಿತು. ಹುಡುಗಿ ನನ್ನ ಮುಖ ನೋಡಿದಳು. ಇಬ್ಬರೂ ಎರಡನೆಯ ಸೀನಿಗೆ ಕಾದೆವು.

ಬರಲಿಲ್ಲ.